ಪರೀಕ್ಷೆ ಮುಗಿಯುವ ತನಕ

ಸಿರುಗುಪ್ಪ
8 ಜೂನ್ 2025, ಭಾನುವಾರ

ಶ್ರೀಪ್ರಿಯಾ ಮೇಡಂ ಅವರಿಗೆ ಮರಿಬಸಪ್ಪನ ಶರಣು.

ನಾವು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೇ ಎಂದು ಬರೆಯುವುದು ವಾಡಿಕೆ. ಆದರೆ ನಾವು ಇಲ್ಲಿ ಅಷ್ಟೇನೂ ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನೆನಪು ನಿಮಗಿರಬಹುದು. ಬಿ.ಎಸ್ಸಿ. ಎರಡನೇ ವರ್ಷದ ಗಂಗೋತ್ರಿಯ ತಂದೆ ನಾನು. ಪಾಲಕರ ಸಭೆಯಲ್ಲಿ ನೀವು ಏನು ಕೇಳಿದರೂ "ಹೌದ್ರಿ, ಹೌದ್ರಿ" ಎನ್ನುತ್ತಿದ್ದೆ. ಕೊನೆಗೆ ಗಂಗಿ ನಗುತ್ತ, "ಮೇಡಂ, ನಮ್ಮಪ್ಪಗ ಕಿವಿ ಕೇಳ್ಸಂಗಿಲ್ರಿ" ಎಂದಳಲ್ಲ, ಅದೇ ಮನುಷ್ಯ. ರೈಸ್ ಮಿಲ್ಲಿನ ಮಷಿನ್ ಪಕ್ಕದಲ್ಲಿ ಆಯುಷ್ಯ ಕಳೆದವನಿಗೆ ಕಿವಿ ಉಳಿಯುವುದಿಲ್ಲ. ಮನೆಯಲ್ಲಿರುವ ಬಟನ್ ಫೋನು ನನ್ನ ಪಾಲಿಗೆ ಬರೀ ಗಡಿಯಾರ. ಆದ್ದರಿಂದ ಈ ಕಾಗದ. ಬಳ್ಳಾರಿ ಬಸ್ಸಿನ ಕಂಡಕ್ಟರ್ ಶೇಖರ್ ನಮ್ಮ ಓಣಿಯವನು. ನಿಮ್ಮ ಕಾಲೇಜಿನ ಗೇಟಿನ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ಇದನ್ನು ಕೊಡುತ್ತಾನೆ. ಉತ್ತರ ಅಲ್ಲೇ ಇಟ್ಟರೆ ತರುತ್ತಾನೆ.

ವಿಷಯಕ್ಕೆ ಬರುತ್ತೇನೆ. ನನ್ನ ತಾಯಿ ಪಾರಮ್ಮನಿಗೆ ಹೋದ ತಿಂಗಳ ಕೊನೆಯಲ್ಲಿ ಲಕ್ವ ಹೊಡೆಯಿತು. ಬಲಗಡೆಯ ಕೈಕಾಲು ಆಡುವುದಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡು ಮನೆಗೆ ಕಳಿಸಿದ್ದಾರೆ. ಸುಧಾರಿಸುತ್ತಾಳೆ. ಗಂಗಿಗೆ ಇದೇನೂ ಗೊತ್ತಿಲ್ಲ. ತಾಯಿಯಿಲ್ಲದ ಹುಡುಗಿ, ಅಜ್ಜಿಯೇ ಬೆಳೆಸಿದ್ದು. ತಿಳಿದರೆ ಪುಸ್ತಕ ಮುಟ್ಟುವುದಿಲ್ಲ. ಈ ಗುರುವಾರದಿಂದ ಪರೀಕ್ಷೆ, ಮೂವತ್ತನೇ ತಾರೀಖಿಗೆ ಮುಗಿಯುತ್ತದೆ. ಅಲ್ಲಿಯ ತನಕ ಮುಚ್ಚಿಡೋಣ ಎಂದು ನಾನೂ ನನ್ನ ತಂಗಿ ಉಚ್ಚಂಗೆಮ್ಮನೂ ಮಾತಾಡಿಕೊಂಡಿದ್ದೇವೆ. ಉಚ್ಚಂಗೆಮ್ಮ ಕುರುಗೋಡಿನಿಂದ ಬಂದು ಅವ್ವನನ್ನು ನೋಡಿಕೊಳ್ಳುತ್ತಿದ್ದಾಳೆ. ಗಂಗಿ ಫೋನು ಮಾಡಿದಾಗಲೆಲ್ಲ, "ನಿಮ್ಮಜ್ಜಿ ಕುರುಗೋಡಿಗೆ ನಮ್ಮನಿಗೆ ಬಂದಾಳ, ಈಗ ಗುಡಿಗೆ ಹೋಗ್ಯಾಳ" ಎಂದು ಅವ್ವನ ಹಾಸಿಗೆ ಪಕ್ಕದಲ್ಲೇ ಕೂತು ಹೇಳುತ್ತಾಳೆ.

ಆಸ್ಪತ್ರೆಯಿಂದ ಬರುವಾಗ ನಮ್ಮ ಗಾಡಿ ನಿಮ್ಮ ಹಾಸ್ಟೆಲ್ ಮುಂದೆಯೇ ಹಾದು ಬಂತು. ಅವ್ವ ಎಡಗೈ ಎತ್ತಿ ಆಡಿಸಿದಳು. ಕರೆಯಬೇಡ, ಓದಿಕೊಳ್ಳಲಿ ಎಂದಳು. ಅವಳ ಮನಸ್ಸೂ ಅದೇ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಗಂಗಿ ಭಾನುವಾರ ಬಂತೆಂದರೆ ಊರಿನ ಬಸ್ಸು ಹತ್ತುವವಳು. ಹೋದ ಭಾನುವಾರವೂ ಇಂದೂ ಉಚ್ಚಂಗೆಮ್ಮ ಫೋನಿನಲ್ಲಿ ಏನೋ ನೆಪ ಹೇಳಿ ತಡೆದಳು. ಭಾನುವಾರ ಸ್ಪೆಷಲ್ ಕ್ಲಾಸ್ ಇದೆ ಎಂದು ಹೇಳಿ ಅವಳನ್ನು ಅಲ್ಲೇ ಹಿಡಿದಿಡಬೇಕು. ನೀವು ಅವಳಿಗೆ ದಾರಿ ತೋರುವ ಮೆಂಟರ್ ಮೇಡಂ, ನೀವು ಹೇಳಿದ್ದೇ ವೇದ.

ನಿಮ್ಮ ಮೇಲೆ ಭಾರ ಹಾಕಿದ
ಮರಿಬಸಪ್ಪ


ಬಳ್ಳಾರಿ
9 ಜೂನ್ 2025

ಮರಿಬಸಪ್ಪನವರಿಗೆ ನಮಸ್ಕಾರ.

ಝೆರಾಕ್ಸ್ ಅಂಗಡಿಯವರು, "ಮೇಡಂ, ನಿಮಗ ಬಸ್ಸಿನಾಗ ಕಾಗದ ಬಂದೈತಿ" ಎಂದಾಗ ಯಾರದೋ ಮದುವೆ ಪತ್ರಿಕೆ ಇರಬೇಕು ಅಂದುಕೊಂಡಿದ್ದೆ. ಓದಿ ಮನಸ್ಸಿಗೆ ಕಷ್ಟವಾಯಿತು. ಪಾರಮ್ಮನವರು ಬೇಗ ಗುಣವಾಗಲಿ.

ನೀವು ಮಾಡಿದ್ದು ಸರಿ ಎಂದೇ ನನಗೆ ಅನ್ನಿಸುತ್ತದೆ. ನಮ್ಮ ಮನೆಯಲ್ಲೂ ಹೀಗೇ. ನನ್ನ ಎಂ.ಎಸ್ಸಿ. ಪರೀಕ್ಷೆಯ ನಡುವೆ ಸೋದರಮಾವ ತೀರಿಕೊಂಡರು. ಕೊನೆಯ ಪೇಪರ್ ಬರೆದು ಬಂದು ಊಟಕ್ಕೆ ಕೂತಾಗ ಅಮ್ಮ ಹೇಳಿದಳು. ಆಗ ತಟ್ಟೆ ಬಿಟ್ಟು ಎದ್ದಿದ್ದೆ. ಆದರೂ ಒಳ್ಳೆಯ ಅಂಕ ಬಂದವು, ಅದರಿಂದಲೇ ಇಂದು ಕೆಲಸದಲ್ಲಿದ್ದೇನೆ.

ಭಾನುವಾರದ ವಿಷಯ ನನಗೆ ಬಿಡಿ. ಅವಳಿಗೆ ಒಂದು ವೇಳಾಪಟ್ಟಿ ಹಾಕಿಕೊಟ್ಟಿದ್ದೇನೆ. ಬೆಳಗ್ಗೆ ಬೇಗ ಏಳುವುದು, ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದು, ಫೋನು ದೂರ ಇಡುವುದು, ಎಲ್ಲ ಹೇಳಿದ್ದೇನೆ. ಮೆಂಟರ್ ಆಗಿ ಇದು ನನ್ನ ಮೊದಲ ವರ್ಷ. ಕಾಲೇಜಿನವರು ತರಬೇತಿಯನ್ನೂ ಕೊಟ್ಟಿದ್ದಾರೆ. ನನ್ನ ಅಮ್ಮ ಗಿರಿಜಾಬಾಯಿ ಮಾತ್ರ, "ನಿನಗ ಕೇಳೋ ಚಟ ಇಲ್ಲ, ಬರೀ ಹೇಳೋ ಚಟ. ಆ ಹುಡುಗೂರು ಹೆಂಗ ತಡ್ಕೋತಾವೋ" ಎಂದು ನಗುತ್ತಾಳೆ. ನಗಲಿ ಬಿಡಿ.

ಪರೀಕ್ಷೆ ಎಲ್ಲವೂ ಮಧ್ಯಾಹ್ನ ಎರಡಕ್ಕೆ. ನನ್ನ ವಿದ್ಯಾರ್ಥಿಗಳು ಒಳಗೆ ಹೋಗುವ ತನಕ ನಾನು ಗೇಟಿನ ಬಳಿಯೇ ನಿಂತಿರುತ್ತೇನೆ. ನೀವು ಅಜ್ಜಿಯನ್ನು ನೋಡಿಕೊಳ್ಳಿ, ಗಂಗೋತ್ರಿಯನ್ನು ನಾನು ನೋಡಿಕೊಳ್ಳುತ್ತೇನೆ.

ಶ್ರೀಪ್ರಿಯಾ


ಬಳ್ಳಾರಿ
12 ಜೂನ್ 2025

ಮರಿಬಸಪ್ಪನವರಿಗೆ,

ಈ ಪತ್ರವನ್ನು ಶೇಖರ್ ಕೈಗೆ ಕೊಡುತ್ತೇನೋ ಇಲ್ಲವೋ ನನಗೇ ತಿಳಿಯದು. ಬರೆಯದೆ ಕೂರಲು ಆಗುತ್ತಿಲ್ಲ.

ಇಂದು ಮೊದಲ ಪೇಪರ್. ಗಂಗೋತ್ರಿ ಅರ್ಧ ಗಂಟೆ ಕೂತು, ಖಾಲಿ ಉತ್ತರ ಪತ್ರಿಕೆ ಕೊಟ್ಟು ಎದ್ದು ಬಂದಳು. ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. "ಎಲ್ಲಾ ಬರ್ತೈತ್ರಿ ಮೇಡಂ. ಕೈ ಮಾತ್ರ ಮ್ಯಾಲೇಳವಲ್ದು" ಎಂದಳು. ನಾನು ನೀರು ಕೊಟ್ಟೆ. ಧೈರ್ಯ ಹೇಳಿದೆ. ಉಸಿರು ಹೀಗೆ ಎಳೆದುಕೋ, ಹಾಗೆ ಬಿಡು ಎಂದೆ. ಈ ಪೇಪರನ್ನು ಮುಂದಿನ ಸಲ ಬರೆಯಬಹುದು, ಉಳಿದವು ಕೈಯಲ್ಲೇ ಇವೆ ಎಂದೆ. ಬಾಯಿ ಮುಚ್ಚದೆ ಹೇಳಿದೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು.

ಹೋಗುವಾಗ, "ಅಪ್ಪಗ ತಿಳಿಸಬ್ಯಾಡ್ರಿ. ತಿಳಿಸಿದ್ರ ನಾ ಮುಂದಿನ ಪೇಪರಿಗೂ ಬರಂಗಿಲ್ಲ" ಎಂದಳು. ಆಯಿತು ಎಂದುಬಿಟ್ಟೆ.

ಯಾವ ಪರೀಕ್ಷೆಗಾಗಿ ನೀವು ಅಜ್ಜಿಯ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರೋ ಆ ಪರೀಕ್ಷೆಯನ್ನು ಅವಳು ಬರೆಯುತ್ತಿಲ್ಲ. ಅದನ್ನು ನಿಮಗೆ ಹೇಳುವ ಹಾಗಿಲ್ಲ. ಅಜ್ಜಿಯ ವಿಷಯವನ್ನು ಅವಳಿಗೆ ಹೇಳುವ ಹಾಗಿಲ್ಲ. ಎರಡೂ ಕಡೆ ಮಾತು ಕೊಟ್ಟು ನಡುವೆ ನಿಂತಿರುವವಳು ನಾನೊಬ್ಬಳು. ಭಯವಾಗುತ್ತಿದೆ.


ಬಳ್ಳಾರಿ
13 ಜೂನ್ 2025

ಮರಿಬಸಪ್ಪನವರಿಗೆ ನಮಸ್ಕಾರ.

ನಿನ್ನೆ ಪರೀಕ್ಷೆ ಶುರುವಾಯಿತು. ಗಂಗೋತ್ರಿ ಬಂದಿದ್ದಳು. ಈ ಸಲದ ಪ್ರಶ್ನೆಗಳು ಕಷ್ಟವಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾರೆ. ಮುಂದಿನ ಪೇಪರ್ ಹದಿನೇಳಕ್ಕೆ. ನಾನು ಜೊತೆಗಿದ್ದೇನೆ.

ಪಾರಮ್ಮನವರು ಹೇಗಿದ್ದಾರೆ? ಮಾತು ಸ್ಪಷ್ಟವಾಗಿದೆಯೇ? ದಯವಿಟ್ಟು ಇದ್ದದ್ದು ಇದ್ದ ಹಾಗೆ ಬರೆಯಿರಿ.

ಶ್ರೀಪ್ರಿಯಾ


ಸಿರುಗುಪ್ಪ
15 ಜೂನ್ 2025, ಭಾನುವಾರ

ಮೇಡಂ ಅವರಿಗೆ ಶರಣು.

ನಿಮ್ಮ ಕಾಗದ ಓದಿ ಎದೆ ತುಂಬಿತು. ಪ್ರಶ್ನೆ ಕಷ್ಟವಿರಲಿಲ್ಲ ಎಂದ ಮೇಲೆ ಗಂಗಿ ಬಿಡುವವಳಲ್ಲ. ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿದೆ. ಹಮಾಲರು ನನ್ನ ಕಿವಿಗೆ ಬಾಯಿ ಹಚ್ಚಿ, "ಮರಿಬಸಣ್ಣ, ಪೇಡೆ ಯಾವಾಗ?" ಎಂದು ಕೂಗುತ್ತಾರೆ. ಅದು ಹೇಗೋ ಕೇಳಿಸುತ್ತದೆ.

ಅವ್ವ ಸುಧಾರಿಸುತ್ತಿದ್ದಾಳೆ. ಗಂಜಿ ಕುಡಿಯುತ್ತಾಳೆ. ಪರೀಕ್ಷೆ ಮುಗಿದ ದಿನವೇ ಗಂಗಿಯನ್ನು ನಾನೇ ಕರೆದುಕೊಂಡು ಬರುತ್ತೇನೆ. ಅಷ್ಟೊತ್ತಿಗೆ ಅವ್ವ ಎದ್ದು ಕೂರುತ್ತಾಳೆ. ಇಬ್ಬರೂ ನಮ್ಮನ್ನು ಬೈದುಕೊಂಡು ಒಂದಾಗಲಿ, ಬೈಸಿಕೊಳ್ಳಲು ನಾನು ತಯಾರಿದ್ದೇನೆ.

ಇಂದು ಸ್ಪೆಷಲ್ ಕ್ಲಾಸ್ ಮಾಡಿದಿರಂತೆ. ಗಂಗಿ ಉಚ್ಚಂಗೆಮ್ಮನಿಗೆ ಫೋನಿನಲ್ಲಿ ಹೇಳಿದಳಂತೆ. ಸುಳ್ಳಿಗೆ ನೀವು ನಿಜವಾಗಿಯೂ ಪಾಠ ಮಾಡುತ್ತೀರಿ ಅಂದುಕೊಂಡಿರಲಿಲ್ಲ. ದೊಡ್ಡ ಮನಸ್ಸು ನಿಮ್ಮದು. ಬರುವ ಭಾನುವಾರವೂ ಇದೊಂದು ನಡೆಸಿಕೊಡಿ.

ಮರಿಬಸಪ್ಪ


ಬಳ್ಳಾರಿ
18 ಜೂನ್ 2025

ಮರಿಬಸಪ್ಪನವರಿಗೆ ನಮಸ್ಕಾರ.

ಒಂದು ಮಾತು ಕೇಳುತ್ತೇನೆ, ಬೇಡ ಎನ್ನಬೇಡಿ. ಗಂಗೋತ್ರಿಗೆ ಅಜ್ಜಿಯ ಜೊತೆ ಒಂದು ಸಲ ಮಾತಾಡಲು ಬಿಡಿ. ಎರಡೇ ಮಾತು ಸಾಕು. ಪರೀಕ್ಷೆಯ ದಿನ ಪರೀಕ್ಷಾ ಕೊಠಡಿಗೆ ಹೋಗುವ ಮುಂಚೆ ಅಜ್ಜಿ ತಪ್ಪದೆ ಫೋನು ಮಾಡುತ್ತಿದ್ದರಂತೆ. ಈ ಸಲ ಬರಲಿಲ್ಲ ಎಂದು ಅವಳ ಗೆಳತಿ ಅಕ್ಷತಾ ಹೇಳಿದಳು. ಹುಡುಗಿ ಸ್ವಲ್ಪ ಮಂಕಾಗಿದ್ದಾಳೆ. ಊಟ ಸರಿಯಾಗಿ ಮಾಡುತ್ತಿಲ್ಲ. ಪಾರಮ್ಮನವರು ಸುಧಾರಿಸಿದ್ದಾರೆ ಎಂದಿದ್ದೀರಿ. ಹಾಗಿದ್ದರೆ ಫೋನಿನಲ್ಲಿ ಧ್ವನಿ ಕೇಳಿಸಬಹುದಲ್ಲವೇ?

ನಿನ್ನೆಯ ಪೇಪರ್ ಬಗ್ಗೆ ಮುಂದೆ ಬರೆಯುತ್ತೇನೆ.

ಶ್ರೀಪ್ರಿಯಾ


ಸಿರುಗುಪ್ಪ
19 ಜೂನ್ 2025

ಮೇಡಂ ಅವರಿಗೆ,

ನೀವು ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದಿದ್ದಿರಿ. ನಾನು ಬರೆದಿರಲಿಲ್ಲ. ಈಗ ಬರೆಯುತ್ತೇನೆ, ನಿಮ್ಮ ಹತ್ತಿರವೇ ಇರಲಿ.

ಅವ್ವನಿಗೆ ಮಾತು ಹೋಗಿದೆ. ತೊದಲುತ್ತಾಳೆ ಅಷ್ಟೆ, ಉಚ್ಚಂಗೆಮ್ಮನಿಗೂ ಅರ್ಥವಾಗುವುದಿಲ್ಲ. ಗಂಗಿ ಆ ಧ್ವನಿ ಕೇಳಿದರೆ ಅರೆಗಳಿಗೆಯಲ್ಲಿ ಎಲ್ಲ ತಿಳಿದುಕೊಳ್ಳುತ್ತಾಳೆ. ಅದಕ್ಕೇ ಫೋನು ಕೊಡುತ್ತಿಲ್ಲ. ನಮ್ಮ ಫೋನಿನಲ್ಲಿ ಎರಡನೇ ಬಟನ್ ಒತ್ತಿ ಹಿಡಿದರೆ ಗಂಗಿಗೆ ಹೋಗುವ ಹಾಗೆ ಅವಳೇ ಮಾಡಿಟ್ಟಿದ್ದಾಳೆ, ಅಜ್ಜಿಗೆ ಅಂಕಿ ಓದಲು ಬರುವುದಿಲ್ಲವೆಂದು. ಮೊದಲ ಪೇಪರಿನ ದಿನ ಊಟದ ಹೊತ್ತಿಗೆ ಅವ್ವ ಎಡಗೈಯಿಂದ ಹುಡುಕಿ ಹುಡುಕಿ ಆ ಬಟನ್ ಒತ್ತುತ್ತಿದ್ದಳು. ನಾನು ಫೋನು ಕಸಿದುಕೊಂಡು ಬ್ಯಾಟರಿ ತೆಗೆದಿಟ್ಟೆ. ಈಗಲೂ ಆ ಸತ್ತ ಫೋನನ್ನೇ ಒತ್ತುತ್ತಾಳೆ. ಉಚ್ಚಂಗೆಮ್ಮ ತನ್ನ ಫೋನಿನಿಂದ ಗಂಗಿಗೆ ಉತ್ತರ ಕೊಡುತ್ತಿದ್ದಾಳೆ.

ಡಾಕ್ಟರು ಸುಧಾರಿಸುತ್ತಾಳೆ ಎಂದಿರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅದರ ಅರ್ಥ ನಿಮಗೆ ಗೊತ್ತು. ಆದರೆ ಅವ್ವ ಗಟ್ಟಿ ಜೀವ, ಕೆಂಚನಗುಡ್ಡದ ಹೊಲದಲ್ಲಿ ದುಡಿದ ಮೈ. ಮೂವತ್ತನೇ ತಾರೀಖಿನ ತನಕ ಹೋಗುವುದಿಲ್ಲ ಎಂದು ನನ್ನ ನಂಬಿಕೆ. ಇಷ್ಟು ದಿನ ನಡೆದಿದೆ, ಇನ್ನು ಸ್ವಲ್ಪ ದಿನ. ಈಗ ಹೇಳಿ ಅವಳ ವರ್ಷ ಹಾಳು ಮಾಡಿದರೆ ಅವ್ವ ನನ್ನನ್ನು ಕ್ಷಮಿಸುವುದಿಲ್ಲ.

ಗಂಗಿ ಮಂಕಾಗಿರುವುದು ಓದಿನ ಆಯಾಸಕ್ಕೆ. ರಾತ್ರಿ ಹಾಲು ಕುಡಿಯಲು ಹೇಳಿ.

ಮರಿಬಸಪ್ಪ


ಬಳ್ಳಾರಿ
22 ಜೂನ್ 2025, ಭಾನುವಾರ

ಮರಿಬಸಪ್ಪನವರಿಗೆ,

ನೀವು ಇದ್ದದ್ದನ್ನು ಬರೆದಿರಿ. ಈಗ ನನ್ನ ಸರದಿ. ಇದೇ ಲಕೋಟೆಯಲ್ಲಿ ಹನ್ನೆರಡನೇ ತಾರೀಖು ಬರೆದು ಕಳಿಸದೆ ಉಳಿದ ಪತ್ರ ಇದೆ. ಮೊದಲು ಅದನ್ನು ಓದಿ, ಆಮೇಲೆ ಇದನ್ನು.

ಓದಿದಿರೇ? ಹದಿನೇಳರ ಪೇಪರಿಗೆ ಗಂಗೋತ್ರಿ ಗೇಟಿನ ತನಕ ಬಂದು ಹಿಂದೆ ತಿರುಗಿದಳು. ಮೊನ್ನೆ ಇಪ್ಪತ್ತಕ್ಕೆ ಹಾಸ್ಟೆಲಿನಿಂದಲೇ ಬರಲಿಲ್ಲ. ಮೂರು ಪೇಪರಿನಲ್ಲಿ ಅವಳು ಒಂದು ಅಕ್ಷರವನ್ನೂ ಬರೆದಿಲ್ಲ. ನಾನು ನಿಮಗೆ ಸುಳ್ಳು ಬರೆಯಲಿಲ್ಲ, ಆದರೆ ನಿಜವನ್ನೂ ಬರೆಯಲಿಲ್ಲ. ನೀವು ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದದ್ದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇಂದು ಮತ್ತೆ ಸ್ಪೆಷಲ್ ಕ್ಲಾಸ್. ಸುಳ್ಳು ಕ್ಲಾಸಿಗೆ ಅವಳೊಬ್ಬಳೇ ಬಂದಿದ್ದಳು. ಪುಸ್ತಕ ತೆಗೆಯಬೇಡ ಎಂದೆ. ಅಮ್ಮ ಹೇಳಿದ್ದು ನೆನಪಾಯಿತು. ಆ ದಿನ ಪರೀಕ್ಷಾ ಕೊಠಡಿಯಲ್ಲಿ ಏನಾಯಿತು ಎಂದು ಕೇಳಿ ಸುಮ್ಮನೆ ಕೂತೆ. ನನಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಹೇಳುತ್ತಾರೆ. ಆಮೇಲೆ ಅವಳೇ ಬಾಯಿ ಬಿಟ್ಟಳು.

"ಪರೀಕ್ಷೆ ಇದ್ದಾಗೆಲ್ಲ ಅಜ್ಜಿ ಫೋನ್ ಮಾಡಿ 'ಉಂಡಿಯೇನವ್ವಾ ಗಂಗಿ?' ಅಂತ ಕೇಳ್ತಾಳ್ರಿ. ಅಷ್ಟೇ, ಬ್ಯಾರೇನೂ ಕೇಳಂಗಿಲ್ಲ. ಅವತ್ತು ಬರ್ಲಿಲ್ಲ. ನಾ ಮಾಡಿದ್ರ ಫೋನ್ ಬಂದ್ ಇತ್ತು. ಪ್ರಶ್ನೆ ಪತ್ರಿಕೆ ಕೈಗೆ ಬಂದಾಗ ಗೊತ್ತಾತ್ರಿ, ಮನ್ಯಾಗ ಏನೋ ಆಗೈತಿ ಅಂತ."

ನಾನು, ನಿನಗೆ ಹೇಗೆ ಗೊತ್ತಾಗುತ್ತದೆ, ಏನೂ ಆಗಿರಲಿಕ್ಕಿಲ್ಲ ಎಂದೆ. ಅವಳು ನನ್ನ ಮುಖ ನೋಡಿ, "ನಮ್ಮವ್ವ ತೀರಿಕೊಂಡಾಗ್ಲೂ ಮನ್ಯಾಗ ಹಿಂಗ ಮಾಡಿದ್ರು. ನಂದು ಏಳನೇ ಕ್ಲಾಸಿನ ಪರೀಕ್ಷಿ. ಕುರುಗೋಡಿನ ಅತ್ತಿ ಮನ್ಯಾಗ ಇಟ್ಟು, ಅವ್ವ ಊರಿಗೆ ಹೋಗ್ಯಾಳ ಅಂದ್ರು. ನಾ ಖುಷೀಲೆ ಪರೀಕ್ಷಿ ಬರೆದೆ. ಮುಗದಮ್ಯಾಲ ಮನಿಗೆ ಬಂದ್ರ ಅವ್ವನ ಫೋಟಕ್ಕ ಹಾರ ಹಾಕಿತ್ತು. ಈಗ ಪೇಪರ್ ಕೈಗೆ ಬಂದ್ರ ಆ ಹಾರಾನೇ ಕಾಣ್ತೈತಿ, ಮನಿಗೆ ಹೋಗಾಕೂ ಅಂಜಿಕಿ ಆಗ್ತೈತ್ರಿ" ಎಂದಳು.

ಆಮೇಲೆ ಕೇಳಿದಳು: "ನಿಮಗೇನಾರ ಗೊತ್ತೇನ್ರಿ ಮೇಡಂ?"

ಗೊತ್ತಿಲ್ಲ ಎಂದೆ, ಮರಿಬಸಪ್ಪನವರೇ. ನಿಮಗೆ ಕೊಟ್ಟ ಮಾತಿಗಾಗಿ ಆ ಹುಡುಗಿಯ ಕಣ್ಣೆದುರಿಗೇ ಗೊತ್ತಿಲ್ಲ ಎಂದೆ. ನಾಚಿಕೆಯಿಂದ ಸಾಯುವ ಹಾಗಾಯಿತು.

ಇದು ಓದಿನ ಆಯಾಸವಲ್ಲ. ಹಾಲು ಕುಡಿದರೆ ಹೋಗುವುದಲ್ಲ. ಪರೀಕ್ಷೆ ಕೆಡಬಾರದು ಎಂದು ನಾವೆಲ್ಲ ಸೇರಿ ಮುಚ್ಚಿಟ್ಟೆವು, ಮುಚ್ಚಿಟ್ಟಿದ್ದರಿಂದಲೇ ಪರೀಕ್ಷೆ ಕೆಟ್ಟಿತು. ಬಿಟ್ಟ ಪೇಪರುಗಳನ್ನು ಮುಂದಿನ ಸಲ ಬರೆಯಬಹುದು. ಅಜ್ಜಿ ಮುಂದಿನ ಸಲಕ್ಕೆ ಇರುವುದಿಲ್ಲ.

ನನ್ನನ್ನು ಆ ಮಾತಿನಿಂದ ಬಿಡಿಸಿ. ನೀವೇ ಬಂದು ಹೇಳುವುದಾದರೆ ಇನ್ನೂ ಒಳ್ಳೆಯದು. ಮಂಗಳವಾರ ಬೆಳಗಿನ ಬಸ್ಸಿನ ತನಕ ಕಾಯುತ್ತೇನೆ.

ಶ್ರೀಪ್ರಿಯಾ


ಬಳ್ಳಾರಿ
24 ಜೂನ್ 2025, ಮಂಗಳವಾರ

ಮರಿಬಸಪ್ಪನವರಿಗೆ,

ನಿನ್ನೆ ನಾಲ್ಕು ಸಲ ಝೆರಾಕ್ಸ್ ಅಂಗಡಿಗೆ ಹೋದೆ. ಇಂದು ಬೆಳಗ್ಗೆ ಶೇಖರ್ ಬಸ್ಸು ಬಂದಾಗ ನಾನೇ ರಸ್ತೆಯ ತನಕ ಹೋಗಿ ನಿಂತೆ. ಅವನು ಕೈ ಬರಿದು ಮಾಡಿ ತೋರಿಸಿದ.

ನಾನು ಗಂಗೋತ್ರಿಗೆ ಹೇಳಿಬಿಟ್ಟೆ. ಈ ಪತ್ರ ಅವಳ ಕೈಯಲ್ಲೇ ಬರುತ್ತಿದೆ. ಲಕೋಟೆ ಅಂಟಿಸಿಲ್ಲ. ಇನ್ನು ಮೇಲೆ ಅವಳಿಗೆ ಕಾಣಬಾರದ ಒಂದು ಸಾಲನ್ನೂ ನಾನು ಬರೆಯುವುದಿಲ್ಲ.

ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆಯೇ ಕೂತು ಹೇಳಿದೆ. ಲಕ್ವ ಹೊಡೆದದ್ದು, ಆಸ್ಪತ್ರೆ, ಮಾತು ಹೋದದ್ದು, ಡಾಕ್ಟರು ಹೇಳಿದ್ದು, ಫೋನಿನ ಬ್ಯಾಟರಿ, ಯಾವುದನ್ನೂ ಬಿಡಲಿಲ್ಲ. ಭಾನುವಾರ ನನಗೆ ಗೊತ್ತಿದ್ದೂ ಗೊತ್ತಿಲ್ಲ ಎಂದೆ ಎಂಬುದನ್ನೂ ಹೇಳಿದೆ. ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ನೀವೂ ಅವ್ರ ಜೋಡೀನೇ ಇದ್ರೇನ್ರಿ" ಎಂದಳು. ಹೌದು ಎಂದೆ.

ಹೋಗು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಇಂದು ಎರಡಕ್ಕೆ ಪೇಪರ್ ಇದೆ, ಬರೆದರೂ ಆಯಿತು, ಬಿಟ್ಟರೂ ಮುಂದೆ ಬರೆಯಬಹುದು, ನೀನು ಏನು ಮಾಡಿದರೂ ನಾನು ಜೊತೆಗಿದ್ದೇನೆ ಎಂದೆ. ಅವಳು ಒಂದೇ ಕೇಳಿದಳು. "ನಾ ಮಾತಾಡಿದ್ರ ಅಜ್ಜಿಗೆ ಕೇಳಸ್ತೈತೇನ್ರಿ?" ಕೇಳಿಸುತ್ತದೆ ಎಂದೆ. ಎದ್ದು ಚೀಲ ತರಲು ಹೋದಳು.

ಹಾಸ್ಟೆಲ್ ವಾರ್ಡನ್‌ಗೆ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಅವಳನ್ನು ಶೇಖರ್‌ನ ಹಿಂದಿನ ಸೀಟಿನಲ್ಲಿ ಕೂರಿಸಿದ್ದೇನೆ, ಮನೆ ಬಾಗಿಲ ತನಕ ಬಿಡುತ್ತಾನೆ. ನಿಮಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ. ಪ್ರಿನ್ಸಿಪಾಲರಿಗೆ ದೂರು ಕೊಡುವುದಾದರೂ ಕೊಡಿ. ಆದರೆ ಅವಳಿಗೆ ಬಾಗಿಲಲ್ಲಿ ಪರೀಕ್ಷೆಯ ಮಾತು ಎತ್ತಬೇಡಿ.

ಬಸ್ಸಿನ ಪಕ್ಕ ನಿಂತೇ ಇದನ್ನು ಬರೆಯುತ್ತಿದ್ದೇನೆ, ಕಿಟಕಿಯಿಂದ ಅವಳು ಈ ಕಡೆ ನೋಡುತ್ತಿಲ್ಲ. ತಡವಾಗದಿರಲಿ ಎಂದು ಕೈ ಮುಗಿಯುತ್ತಿದ್ದೇನೆ.

ಶ್ರೀಪ್ರಿಯಾ


ಸಿರುಗುಪ್ಪ
30 ಜೂನ್ 2025, ಸೋಮವಾರ

ಮೇಡಂ ಅವರಿಗೆ ಮರಿಬಸಪ್ಪನ ಶರಣು.

ಶೇಖರ್‌ದು ತಪ್ಪಿಲ್ಲ. ನಿಮ್ಮ ದೊಡ್ಡ ಕಾಗದ ಹೋದ ಸೋಮವಾರವೇ ನನ್ನ ಕೈ ಸೇರಿತ್ತು. ಓದಿ ಮೈಯೆಲ್ಲ ಉರಿಯಿತು. ಮೂರು ಪೇಪರ್ ಬಿಟ್ಟಿದ್ದನ್ನು ನನ್ನಿಂದ ಮುಚ್ಚಿಟ್ಟವರು ನನಗೆ ಬುದ್ಧಿ ಹೇಳುತ್ತಾರಲ್ಲ ಎಂದು ಬಾಯಿಗೆ ಬಂದ ಹಾಗೆ ಬರೆದೆ. ಆಮೇಲೆ ಅದನ್ನು ಒಲೆಗೆ ಹಾಕಿದೆ. ಯಾಕೆಂದರೆ ಆ ಹಾರದ ಮಾತು ನನಗೆ ಗೊತ್ತಿರಲಿಲ್ಲ. ಏಳನೇ ತರಗತಿಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದಿದ್ದವು, ಹಾಗಾಗಿ ನಾವು ಮಾಡಿದ್ದೇ ಸರಿ ಎಂದು ಇಷ್ಟು ವರ್ಷ ಎದೆ ತಟ್ಟಿಕೊಂಡಿದ್ದೆ. ಬೇರೆ ಉತ್ತರ ಬರೆಯಲು ಬರಲಿಲ್ಲ.

ಮಂಗಳವಾರ ಗಂಗಿ ಬಂದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ದಾಟಿ ಒಳಗೆ ಹೋದಳು. ಅವ್ವ ಎಡಗೈ ಎತ್ತಿ ಆಡಿಸಿದಳು, ಆಸ್ಪತ್ರೆಯಿಂದ ಬರುವಾಗ ಆಡಿಸಿದ ಹಾಗೆಯೇ. ಗಂಗಿ ಹತ್ತಿರ ಕೂತದ್ದೇ ಆ ಕೈ ಅವಳ ಜಡೆ ಹಿಡಿದುಕೊಂಡಿತು. ಅದು ಬೇಡ ಎನ್ನುವ ಕೈ ಅಲ್ಲ ಮೇಡಂ. ಕರಿ ಎನ್ನುವ ಕೈ. ಕಿವಿ ಹೋಗಿದ್ದರೇನು, ಕಣ್ಣಿದ್ದವು ನನಗೆ. ನನಗೆ ಬೇಕಾದ್ದನ್ನೇ ನೋಡಿ, ಕರೆಯಬೇಡ ಎಂದಳು ಎಂದು ನಿಮಗೆ ಬರೆದೆ.

ಅವ್ವನ ಬಾಯಿ ಆಡಿತು. ಉಚ್ಚಂಗೆಮ್ಮನಿಗೆ ತಿಳಿಯದ ಮಾತು ಗಂಗಿಗೆ ತಿಳಿಯಿತು. "ಉಂಡೀನಿ ಅಜ್ಜಿ" ಎಂದಳಂತೆ. ಉಂಡಿರಲಿಲ್ಲ. ಆಮೇಲೆ ಅವ್ವನಿಗೆ ಗಂಜಿ ಕುಡಿಸುತ್ತ ತಾನೂ ಅದನ್ನೇ ಕುಡಿದಳು. ಎರಡು ದಿನ ಆ ಹಾಸಿಗೆ ಬಿಟ್ಟು ಏಳಲಿಲ್ಲ. ಗುರುವಾರ ಬೆಳಗ್ಗೆ ಅವ್ವ ಲಿಂಗೈಕ್ಯಳಾದಳು. ಕೆಂಚನಗುಡ್ಡದ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು.

ಗಂಗಿ ನನ್ನ ಜೊತೆ ಮಾತಾಡಿಲ್ಲ. ನನಗೆ ಕೇಳಿಸುವುದಿಲ್ಲ ನಿಜ, ಆದರೆ ತುಟಿ ಆಡಿದರೆ ಕಾಣುತ್ತದೆ. ಆಡಲಿಲ್ಲ. ನಿನ್ನೆ ಉಚ್ಚಂಗೆಮ್ಮನಿಗೆ, ಕೊನೆಯ ಪೇಪರ್ ಬರೆಯಲು ಹೋಗುತ್ತೇನೆ ಎಂದು ಹೇಳಿ ಶೇಖರ್ ಬಸ್ಸು ಹತ್ತಿದಳು. ಹೋಗು ಎಂದು ಯಾರೂ ಅಂದಿರಲಿಲ್ಲ. ಉಚ್ಚಂಗೆಮ್ಮನೂ ಇಂದು ಬೆಳಗ್ಗೆ ಕುರುಗೋಡಿಗೆ ಹೋದಳು. ಮನೆಯಲ್ಲಿ ನಾನೊಬ್ಬನೇ ಇದ್ದೇನೆ.

ಇಂದು ಊಟದ ಹೊತ್ತಿಗೆ ಫೋನಿಗೆ ಬ್ಯಾಟರಿ ಹಾಕಿದೆ. ಎರಡನೇ ಬಟನ್ ಒತ್ತಿ ಹಿಡಿದೆ. ಪರದೆಯ ಮೇಲೆ ಸೆಕೆಂಡು ಓಡತೊಡಗಿದವು, ಗಂಗಿ ಎತ್ತಿಕೊಂಡಳು ಎಂದು ತಿಳಿಯಿತು. "ಉಂಡಿಯೇನವ್ವಾ ಗಂಗಿ?" ಎಂದು ಕೇಳಿದೆ. ಕಿವಿಗೆ ಒತ್ತಿ ಹಿಡಿದರೂ ಏನೂ ಕೇಳಿಸಲಿಲ್ಲ. ಮತ್ತೆ ಕೇಳಿದೆ, ಮತ್ತೊಂದು ಸಲ ಕೇಳಿದೆ. ಆಮೇಲೆ ಪರೀಕ್ಷೆಗೆ ತಡವಾದೀತು ಎಂದು ಇಟ್ಟುಬಿಟ್ಟೆ.

ನೀವು ಗೇಟಿನ ಬಳಿ ನಿಂತಿರುತ್ತೀರಿ ಎಂದು ಬರೆದಿದ್ದಿರಿ. ಇಂದೂ ನಿಂತಿದ್ದರೆ, ಗಂಗಿ ಏನಂದಳು ಎಂದು ದಯವಿಟ್ಟು ಬರೆದು ತಿಳಿಸಿ. ಬೈದಿದ್ದರೂ ಬರೆಯಿರಿ. ಏನೂ ಅನ್ನದಿದ್ದರೆ ಅದನ್ನೂ ಬರೆಯಿರಿ.

ಮರಿಬಸಪ್ಪ


ಬಳ್ಳಾರಿ
1 ಜುಲೈ 2025

ಮರಿಬಸಪ್ಪನವರಿಗೆ ನಮಸ್ಕಾರ.

ಅಜ್ಜಿಯ ಸುದ್ದಿ ಗಂಗೋತ್ರಿಯೇ ಹೇಳಿದಳು. ಅಷ್ಟೇ ಹೇಳಿದಳು. ನನ್ನ ಜೊತೆಯೂ ಅವಳಿಗೆ ಮೊದಲಿನ ಸಲಿಗೆ ಇಲ್ಲ. ಅದು ಬರುವಾಗ ಬರಲಿ, ನಾನು ಅವಸರ ಮಾಡುವುದಿಲ್ಲ.

ನಿನ್ನೆ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಫೋನಿನಲ್ಲಿ ಅಜ್ಜಿ ಎಂಬ ಹೆಸರು ಬಂತು. ಎತ್ತಿ ಕಿವಿಗೆ ಹಿಡಿದಳು. ನಿಮ್ಮ ಧ್ವನಿ ದೊಡ್ಡದು, ನನಗೂ ಕೇಳಿಸಿತು.

ಮೊದಲ ಸಲ ಅವಳು ಏನೂ ಅನ್ನಲಿಲ್ಲ. ನೀವು ಎರಡನೇ ಸಲ ಕೇಳಿದಾಗ, "ಉಂಡೀನಿ ಅಪ್ಪಾ" ಎಂದಳು, ಮೆಲ್ಲಗೆ. ನೀವು ಮೂರನೇ ಸಲ ಕೇಳಿದಿರಿ. ಆಗ ಗೇಟಿನ ಮುಂದೆ ಇದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿ ಹೇಳಿದಳು: "ಉಂಡೀನಿ ಅಪ್ಪಾ, ನೀ ಉಂಡಿಯೇನು?" ಅಷ್ಟರಲ್ಲಿ ನೀವು ಇಟ್ಟುಬಿಟ್ಟಿದ್ದಿರಿ.

ಅಳುತ್ತಲೇ ಒಳಗೆ ಹೋದಳು. ಐದು ಗಂಟೆಗೆ ಬೆಲ್ ಹೊಡೆದ ಮೇಲೆ, ಎಲ್ಲರಿಗಿಂತ ಕೊನೆಗೆ ಹೊರಗೆ ಬಂದಳು. ಬೆರಳಿಗೆಲ್ಲ ಶಾಯಿ ಹತ್ತಿತ್ತು. ಪೇಪರ್ ಹೇಗಾಯಿತು ಎಂದು ನಾನು ಕೇಳಲಿಲ್ಲ. ಅವಳೇ ನನ್ನನ್ನು ಕೇಳಿದಳು: "ಮನ್ಯಾಗ ಅತ್ತಿ ಇಲ್ರಿ. ಅಪ್ಪ ಉಂಡನೋ ಇಲ್ಲೋ."

ಉಂಡಿರಾ? ಶೇಖರ್ ಕೈಯಲ್ಲಿ ಇಂದೇ ಉತ್ತರ ಕಳಿಸಿ. ಅವಳು ಝೆರಾಕ್ಸ್ ಅಂಗಡಿಯ ಮುಂದೆಯೇ ಕೂತಿದ್ದಾಳೆ.

ಶ್ರೀಪ್ರಿಯಾ